ಮಂಡಿನೋವಿನ ತಾಯಿಗೆ ಒಂದೇ ಎಡೆ

ಹ್ಯೊನ್ ಗಿಲ್‌ಜಾಳ ಅಂಗಡಿಯಲ್ಲಿ ಸತ್ತವರಿಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಕಡ್ಡಿಗೆ ಪೋಣಿಸಿ ಸುಟ್ಟ ಹಂದಿಮಾಂಸ, ಬಾಲ ಮುರಿಯದಂತೆ ಒಣಗಿಸಿದ ಕೆಂಪು ಮೀನು, ಮೂಲಂಗಿ ತುಂಬಿದ ಸುರುಳಿ ದೋಸೆ, ಬಿಳೀ ಅಕ್ಕಿ ಕಡುಬು. ಜಪಾನಿನ ಒಸಾಕಾದ ಇಕುನೊ ಕೇರಿಯಲ್ಲಿ ಹಿರಿಯರಿಗೆ ಎಡೆ ಇಡುವ ಕೊರಿಯನ್ನರ ಮನೆ ಯಾವುದೇ ಇರಲಿ, ಸಂತೆಬೀದಿಯ ಮೂಲೆಯ ಈ ಅಂಗಡಿಗೆ ಬಾರದೆ ಗತಿಯಿಲ್ಲ. ಬದುಕಿದ್ದಾಗ ಉತ್ತರ ಕೊರಿಯಾದ ಪರವಾದ ಸಂಘಕ್ಕೆ ಚಂದಾ ಕಟ್ಟಿದವನೂ ದಕ್ಷಿಣದ ಸಂಘಕ್ಕೆ ಚಂದಾ ಕಟ್ಟಿದವನೂ ಸತ್ತ ಮೇಲೆ ತಿನ್ನುವುದು ಅದೇ ಹಂದಿಯನ್ನು. ಇಷ್ಟು ಸಣ್ಣ ವಿಷಯ ಆ ಎರಡು ಸಂಘಗಳ ಅಧ್ಯಕ್ಷರಿಗೆ ಮಾತ್ರ ತಿಳಿದಿರಲಿಲ್ಲ.

ಕೇರಿಯ ಮುಕ್ಕಾಲು ಮಂದಿಯ ಅಪ್ಪ ಅಮ್ಮಂದಿರು ಜೇಜು ದ್ವೀಪದಿಂದ ಹಡಗು ಹತ್ತಿ ಬಂದವರು. ಜೇಜು ಇರುವುದು ಕೊರಿಯಾದ ತೆಂಕಣ ತುದಿಯಲ್ಲಿ, ಸಮುದ್ರದೊಳಗೆ. ಆದರೂ ಉತ್ತರವನ್ನು ಕಣ್ಣಿಂದ ಕಾಣದವರೇ ಉತ್ತರಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದರು. ದಕ್ಷಿಣದಲ್ಲಿ ಒಂದು ವಾರ ಇದ್ದು ಬಂದವರು ದಕ್ಷಿಣವೇ ತಮ್ಮ ಹಿತ್ತಲು ಎಂಬಂತೆ ಮಾತಾಡುತ್ತಿದ್ದರು. ಎರಡೂ ಸಂಘದ ಕಚೇರಿಗಳು ಒಂದೇ ಬೀದಿಯಲ್ಲಿದ್ದವು, ನಡುವೆ ಒಂದು ಹಲ್ಲಿನ ಡಾಕ್ಟರ ಶಾಪು. ಎರಡೂ ಕಡೆಯ ಮುದುಕರು ಆ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗ ಮಾತ್ರ ಒಂದೇ ತರಹ ಕಾಣುತ್ತಿದ್ದರು.

ಉತ್ತರ ದಕ್ಷಿಣಗಳ ದೊಡ್ಡವರು ಕೈಕುಲುಕಿದ ವರ್ಷ ಕೇರಿಗೆ ಪರದೇಶದವರ ದಂಡು ಹರಿದುಬಂತು. ಟೀವಿಯವರು, ಪ್ರೊಫೆಸರುಗಳು, ಶಾಂತಿಯ ಹೆಸರಲ್ಲಿ ಸಂಬಳ ತೆಗೆದುಕೊಳ್ಳುವವರು. ಇವರ ಹತ್ತಿರ ಯಾರು ಬಾಯಿ ಒಣಗಿಸಿಕೊಳ್ಳುವುದು ಎಂದು ಎರಡು ಕಚೇರಿಯವರೂ ಗಿಲ್‌ಜಾಳ ಕಡೆ ಬೆರಳು ತೋರಿಸಿದರು. ಆಕೆ ಹುಡುಗಿಯಾಗಿದ್ದಾಗ ಪಾದ್ರಿಗಳ ಶಿಶುವಿಹಾರದಲ್ಲಿ ಪಾತ್ರೆ ತೊಳೆಯುತ್ತ ಇಂಗ್ಲಿಷ್ ಕಲಿತಿದ್ದಳು. ಎರಡೂ ಕಡೆ ಗಿರಾಕಿಗಳಿದ್ದುದರಿಂದ ಎರಡೂ ಕಡೆ ಬಾಗಿಲು ತೆರೆದಿತ್ತು. ನಗರದ ಯಾವುದೋ ಸಂಸ್ಥೆಯವರು ಆಕೆಗೆ ಒಂದು ಕಟ್ಟು ಕಾರ್ಡು ಅಚ್ಚು ಹಾಕಿಸಿಕೊಟ್ಟರು. ಹೆಸರಿನ ಕೆಳಗೆ ‘ಸಾಂಸ್ಕೃತಿಕ ಮಧ್ಯವರ್ತಿ’ ಎಂದಿತ್ತು.

ಪಕ್ಕದ ಮೀನಿನಂಗಡಿಯ ಮೂನ್ ಕಾರ್ಡನ್ನು ಒದ್ದೆ ಕೈಯಲ್ಲಿ ಹಿಡಿದು ಓದಿದ.

“ಗಿಲ್‌ಜಾಕ್ಕ, ಮಧ್ಯವರ್ತಿ ಅಂದ್ರೆ ಮದುವೆ ದಲ್ಲಾಳಿ ತಾನೆ?”

“ಹೂಂ ಕಣೋ. ಗಂಡಿಗೂ ಎಂಬತ್ತು, ಹೆಣ್ಣಿಗೂ ಎಂಬತ್ತು. ಇಬ್ರಿಗೂ ಮನಸ್ಸಿಲ್ಲ. ಊಟ ಮಾತ್ರ ನನ್ನ ಅಂಗಡೀದೇ ಆಗ್ಬೇಕು.”

ಆಕೆಯ ಕೆಲಸದ ಗುಟ್ಟು ಬಹಳ ಸುಲಭದ್ದು. ಯಾರು ಏನು ಅಂದರೋ ಅದನ್ನು ಹೇಳಬಾರದು, ಅಷ್ಟೆ. ಡೆನ್ಮಾರ್ಕಿನಿಂದ ಹೆಲ್ಲೆ ಎಂಬ ಹೆಂಗಸು ಬಂದಿದ್ದಳು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಕತ್ತಿನಲ್ಲಿ ಕ್ಯಾಮೆರಾ, ಮುಖದಲ್ಲಿ ಸದಾ ಯಾರೋ ಸತ್ತಿರುವಂಥ ಮರುಕ. ಎರಡು ಸಂಘದ ಅಧ್ಯಕ್ಷರೂ ಪಾರ್ಕಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡುವ ಚಿತ್ರ ಆಕೆಗೆ ಬೇಕಾಗಿತ್ತು. ಗಿಲ್‌ಜಾ ಅವಳನ್ನು ಮೊದಲು ಉತ್ತರದ ಅಧ್ಯಕ್ಷರ ಬಳಿ ಕರೆದೊಯ್ದಳು.

“ಈ ಕೊಕ್ಕರೆಗೆ ಬೇರೆ ಕೆಲ್ಸ ಇಲ್ವಂತಾ?” ಎಂದರು ಅಧ್ಯಕ್ಷರು, ನಗುನಗುತ್ತಲೇ. “ಆ ಜನದ ಪಕ್ಕ ಕೂತು ತಿಂದ್ರೆ ತಿಂದದ್ದು ವಾಂತಿ ಆಗುತ್ತೆ ಅಂತ ಹೇಳು.”

“ಅಧ್ಯಕ್ಷರು ನಿಮ್ಮ ಎತ್ತರ ಮೆಚ್ಚಿಕೊಂಡ್ರು,” ಎಂದಳು ಗಿಲ್‌ಜಾ ಹೆಲ್ಲೆಗೆ. “ಈಚೆಗೆ ಅವರಿಗೆ ಊಟ ಸರಿಯಾಗಿ ಅರಗ್ತಿಲ್ಲವಂತೆ. ಬರೀ ಚಹಾ ಆದ್ರೆ ಆಗಬಹುದಾ ಅಂತಾರೆ.”

ದಕ್ಷಿಣದ ಅಧ್ಯಕ್ಷರು, “ಬೆಂಚು ನಮ್ಮ ಸಂಘದ್ದಾದ್ರೆ ಕೂರ್ತೀನಿ, ಪಾರ್ಕಿಂದು ಯಾರು ಯಾರೋ ಕೂತಿರೋದು,” ಎಂದರು. ಅದು ಹೆಲ್ಲೆಗೆ, “ಅಧ್ಯಕ್ಷರು ಬೆಂಚನ್ನ ತಾವೇ ಕೊಡ್ತಾರಂತೆ,” ಎಂದು ಮುಟ್ಟಿತು. ಹೆಲ್ಲೆಯ ಕಣ್ಣು ತುಂಬಿ ಬಂತು. ಚಿತ್ರ ತೆಗೆದದ್ದೂ ಆಯಿತು. ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು, ಕೈಯಲ್ಲಿ ಚಹಾ. ‘ಒಂದೇ ದಿಗಂತವನ್ನು ನೋಡುತ್ತಿರುವ ಹಿರಿಯರು’ ಎಂದು ಹೆಲ್ಲೆ ಅದರ ಕೆಳಗೆ ಬರೆದಳು. ಒಬ್ಬರು ನೋಡುತ್ತಿದ್ದುದು ಬಸ್ ನಿಲ್ದಾಣವನ್ನು, ಇನ್ನೊಬ್ಬರು ಬೂಟಿನ ಮೇಲೆ ಬಿದ್ದ ಪಾರಿವಾಳದ ಹಿಕ್ಕೆಯನ್ನು.

ಹೀಗೆ ಲೋಕಕ್ಕೆಲ್ಲ ಸಂಧಾನ ಮಾಡಿಕೊಡುವ ಗಿಲ್‌ಜಾಳಿಗೆ ತನ್ನ ಒಡಹುಟ್ಟಿದ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಲು ಆಗಿರಲಿಲ್ಲ. ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೆಲ್ಲೆಗೂ ಗೊತ್ತಾಗಲಿ ಎಂದು ಮೂನ್ ಎರಡು ಸಲ ಬಾಯಿ ತೆರೆದಿದ್ದ. ಅವನಿಗೆ ಇಂಗ್ಲಿಷ್ ಬಾರದೆ ಉಳಿದುಕೊಂಡಿತು.

ಅಣ್ಣ ದೋಗ್ಯು ಉತ್ತರದವರ ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತನಾದವನು. ತಮ್ಮ ಹಾನ್‌ಗ್ಯು ಚಪ್ಪಲಿಗೆ ಅಂಟು ಹಚ್ಚುವ ಕೊಟ್ಟಿಗೆಯನ್ನು ಕೈಚೀಲದ ಕಾರ್ಖಾನೆ ಮಾಡಿಕೊಂಡು, ದಕ್ಷಿಣದ ಸಂಘದಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡು ಓಡಾಡುವವನು. ಇಬ್ಬರ ನಡುವೆ ಹರಿದದ್ದು ಅಪ್ಪನ ಬೂದಿಯಿಂದ. ಅಪ್ಪ ತೀರಿಕೊಂಡಾಗ ಹಾನ್‌ಗ್ಯು ತನ್ನ ಪೌರತ್ವದ ಕಾಗದಪತ್ರ ದಕ್ಷಿಣಕ್ಕೆ ಬದಲಾಯಿಸಿಕೊಂಡ. ಅಣ್ಣನಿಗೆ ಒಂದು ಮಾತೂ ಹೇಳದೆ ಬೂದಿಯನ್ನು ಜೇಜುವಿಗೆ ಒಯ್ದು ಮಣ್ಣು ಮಾಡಿ ಬಂದ. ಕಾಗದ ಬದಲಾಯಿಸದ ದೋಗ್ಯುವನ್ನು ಆ ದ್ವೀಪಕ್ಕೆ ಯಾರೂ ಬಿಡುತ್ತಿರಲಿಲ್ಲ. ಹಿರಿಮಗ ಅಪ್ಪನ ಗೋರಿಯನ್ನು ಇವತ್ತಿನವರೆಗೆ ಕಂಡಿಲ್ಲ.

ಅಲ್ಲಿಂದ ಅಪ್ಪನಿಗೆ ಎರಡು ಎಡೆ. ಅಣ್ಣನ ಮನೆಯಲ್ಲಿ ಚಂದ್ರನ ಲೆಕ್ಕಕ್ಕೆ, ತಮ್ಮನ ಮನೆಯಲ್ಲಿ ಕ್ಯಾಲೆಂಡರಿನ ತಾರೀಖಿಗೆ. ಸತ್ತ ದಿನವೇ ಎರಡಾದ ಗಂಡಸು ಕೇರಿಯಲ್ಲಿ ಅವನೊಬ್ಬನೇ. ಎರಡು ಎಡೆಗೂ ಹಂದಿ ಸುಡುವುದು ಗಿಲ್‌ಜಾ. ಎರಡು ಕಡೆಯೂ ಮೂಲೆಯಲ್ಲಿ ಕೂತು ಅಪ್ಪ ತಿನ್ನುವುದನ್ನು ಕಾಯುತ್ತಿದ್ದವಳು ಅಮ್ಮ.

ಅಮ್ಮ ನಲವತ್ತು ವರ್ಷ ಕುಕ್ಕುರುಗಾಲಲ್ಲಿ ಕೂತು ಚಪ್ಪಲಿಗೆ ಅಂಟು ಹಚ್ಚಿದವಳು. ಕೊನೆಗೆ ಮಂಡಿಗಳು ಬಾಗುವುದನ್ನೂ ಬಿಟ್ಟವು, ನೆಟ್ಟಗಾಗುವುದನ್ನೂ ಬಿಟ್ಟವು. ಸಾಯುವ ಮುಂಚಿನ ವಾರ ಆಸ್ಪತ್ರೆಯ ಮಂಚದ ಆಚೆ ಒಬ್ಬ ಮಗ, ಈಚೆ ಒಬ್ಬ ಮಗ ನಿಂತಿದ್ದಾಗ, ಇಬ್ಬರನ್ನೂ ಬಿಟ್ಟು ಗಿಲ್‌ಜಾಳನ್ನು ನೋಡಿ ಹೇಳಿದಳು:

“ನಿಮ್ಮಪ್ಪ ಸತ್ತೂ ಎರಡು ಮನೆ ಅಲೀತಾನೆ. ನನಗೆ ಮಂಡಿ ನೋವು ಕಣೇ. ಒಂದೇ ಕಡೆ ಇಡ್ಲಿ. ಆಗಲ್ಲ ಅಂದ್ರೆ ಇಡೋದೇ ಬೇಡ, ಹಸ್ಕೊಂಡಿರ್ತೀನಿ.”

ಮಕ್ಕಳಿಬ್ಬರೂ ತಲೆಯಾಡಿಸಿದರು. ಒಂದೇ ಕಡೆ ಅಂದರೆ ತನ್ನ ಮನೆ ಎಂದು ಇಬ್ಬರೂ ತಿಳಿದರು.

ಅಮ್ಮನ ಬೂದಿ ಕೇರಿಯ ಬೌದ್ಧ ದೇವಸ್ಥಾನದಲ್ಲಿತ್ತು. ಇಬ್ಬರೂ ಒಟ್ಟಿಗೆ ಬಂದು ಕೇಳುವ ತನಕ ಜಾಡಿ ಮುಟ್ಟಕೂಡದು ಎಂದು ಗಿಲ್‌ಜಾ ಭಿಕ್ಷುವಿಗೆ ಹೇಳಿ ಬಂದಿದ್ದಳು. ಅದೊಂದು ಭದ್ರವಾಗಿತ್ತು, ಇಬ್ಬರೂ ಒಟ್ಟಿಗೆ ಬರುವ ಪೈಕಿಯವರಲ್ಲ. ಆದರೆ ಮೊದಲ ವರ್ಷದ ಎಡೆ ಹತ್ತಿರ ಬಂತು. ಆಗಸ್ಟ್ ಕೊನೆಗೆ ಅತ್ತಿಗೆ ಅಂಗಡಿಗೆ ಬಂದು ಹಂದಿಕಡ್ಡಿ, ಮೀನು, ಕಡುಬು ಹೇಳಿ ಹೋದಳು. ಮಾರನೆಯ ದಿನ ತಮ್ಮನ ಹೆಂಡತಿ ಬಂದು ಅದನ್ನೇ ಹೇಳಿ, “ಅವರಿಗಿಂತ ಮೀನು ಒಂದು ಗೇಣು ದೊಡ್ಡದಿರ್ಲಿ ಅಕ್ಕ,” ಎಂದಳು.

ಗಿಲ್‌ಜಾ ಇಬ್ಬರಿಗೂ ಹೇಳಿ ಕಳಿಸಿದಳು: ಅಮ್ಮನಿಗೆ ಒಂದೇ ಎಡೆ. ತನ್ನ ಅಂಗಡಿಯಲ್ಲೇ. ದಿನ ಚಂದ್ರನ ಲೆಕ್ಕದ್ದು, ಅದು ಅಣ್ಣನ ಪಾಲಿಗೆ. ಜಾಗ ಅಣ್ಣನ ಮನೆಯಲ್ಲ, ಅದು ತಮ್ಮನ ಪಾಲಿಗೆ. ಇಬ್ಬರೂ ಬಂದರೆ ಒಲೆ ಹಚ್ಚುತ್ತೇನೆ, ಒಬ್ಬನೇ ಬಂದರೆ ಬಾಗಿಲು ತೆರೆಯುವುದಿಲ್ಲ.

ಅಣ್ಣನಿಗೆ ಜಾಗ ಹೋದದ್ದು ಮಾತ್ರ ಕಂಡಿತು, ತಮ್ಮನಿಗೆ ದಿನ ಹೋದದ್ದು ಮಾತ್ರ.

ಮೊದಲು ಅಣ್ಣನ ಮನೆಗೆ ಹೋದಳು. ದೋಗ್ಯು ಮೂರನೇ ಮಹಡಿಯ ಕೋಣೆಯಲ್ಲಿ, ಶಾಲೆಯಿಂದ ತಂದಿಟ್ಟುಕೊಂಡ ಹಳೇ ಹಾರ್ಮೋನಿಯಮ್ಮಿನ ಪಕ್ಕ ಕೂತಿದ್ದ.

“ಹಿರಿಮಗ ನಾನು ಬದುಕಿದ್ದೀನಿ. ಅಮ್ಮನಿಗೆ ಉಪ್ಪಿನಕಾಯಿ ಅಂಗಡೀಲಿ ಎಡೆ ಇಡ್ತಾಳಂತೆ! ಕೇಳಿದವರು ನಗಲ್ವಾ?”

“ಉಪ್ಪಿನಕಾಯಿ ಅಂಗಡಿ ಅಲ್ಲ ಅಣ್ಣ.”

“ಏನೋ ಒಂದು. ಅವನೇನಂದ?”

ಗಿಲ್‌ಜಾ ಕಸುಬು ತೆಗೆದಳು. “ಹಾನ್‌ಗ್ಯು ನಿನ್ನ ಬಗ್ಗೆ ಬಹಳ ಯೋಚ್ನೆ ಮಾಡ್ತಾನೆ ಅಣ್ಣ. ವಯಸ್ಸಾಯ್ತು, ಮೂರು ಮಹಡಿ ಹತ್ತಿ ಇಳಿದು ಎಡೆ ಸಾಮಾನು ತರೋದು ಕಷ್ಟ, ಎಲ್ರಿಗೂ ಅನುಕೂಲ ಆಗೋ ಕಡೆ ಇಡೋಣ ಅಂದ.”

ದೋಗ್ಯು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೆಮ್ಮು ಬರುವಷ್ಟು ನಕ್ಕ. “ಇದು ಆ ಕೊಕ್ಕರೆಗೆ ಹೇಳೋ ಮಾತು! ನಾನು ನಿನ್ನ ಜೊತೆ ಒಂದೇ ಹಾಸಿಗೇಲಿ ಮಲಗಿ ಬೆಳೆದೋನು ಕಣೇ. ಅವನು ಯೋಚ್ನೆ ಮಾಡ್ತಾನಂತೆ. ಅವನು ಯೋಚ್ನೆ ಮಾಡಿದ್ರೆ ಕೈಚೀಲದ ಜಿಪ್ಪಿನ ಬಗ್ಗೆ ಮಾಡ್ತಾನೆ. ಅವನು ಮೊದಲು ಬರ್ತೀನಿ ಅನ್ಲಿ, ಆಮೇಲೆ ನೋಡೋಣ. ನಡಿ ನಡಿ.”

ತಮ್ಮನ ಕಾರ್ಖಾನೆಯಲ್ಲೂ ಇದೇ ಆಯಿತು. ಅಣ್ಣನಿಗೆ ನಿನ್ನ ದುಡಿಮೆ ಕಂಡರೆ ಹೆಮ್ಮೆ ಎಂದು ಅವಳು ಶುರು ಮಾಡುತ್ತಿದ್ದಂತೆ ಹಾನ್‌ಗ್ಯು ಕೈ ಎತ್ತಿ ನಿಲ್ಲಿಸಿದ.

“ಅಕ್ಕ, ಬಿಡು. ಹೆಮ್ಮೆ ಅನ್ನೋ ಮಾತು ಅವನ ಬಾಯಲ್ಲಿ ಬಂದಿದ್ರೆ ಹಲ್ಲು ಬಿದ್ದು ಹೋಗಿರೋದು. ನಿನ್ನ ತರ್ಜುಮೆ ಎಲ್ಲಾ ಪರದೇಶದೋರಿಗೆ ಇಟ್ಕೋ.”

“ಹಾಗಾದ್ರೆ ಬರಲ್ವಾ?”

“ಅವನು ಮೊದಲು ಬರ್ತೀನಿ ಅನ್ಲಿ.”

“ಅವನೂ ಅದನ್ನೇ ಅಂದ.”

“ನೋಡಿದ್ಯಾ, ಸ್ವಂತಕ್ಕೆ ಒಂದು ಮಾತು ಹುಟ್ಟಲ್ಲ ಅವನಿಗೆ.”

ಇಂಥವರಿಗೆ ಹೊಟ್ಟೆಯಲ್ಲಿ ಜಾಗ ಕೊಟ್ಟು ಅಮ್ಮ ಮಂಡಿ ಕಳೆದುಕೊಂಡಳಲ್ಲ ಎಂದುಕೊಳ್ಳುತ್ತ ಗಿಲ್‌ಜಾ ಅಂಗಡಿಗೆ ನಡೆದಳು. ಬಾಗಿಲಲ್ಲಿ ಹೆಲ್ಲೆ ಕಾಯುತ್ತಿದ್ದಳು. ಯಾರೋ ಕೊನೆಗೂ ಅವಳಿಗೆ ವಿಷಯ ತಲುಪಿಸಿದ್ದರು.

“ಗಿಲ್‌ಜಾ ಅವರೇ, ಒಡೆದ ಒಂದು ಕುಟುಂಬ ತಾಯಿಯ ಎಡೆಗಾಗಿ ಒಂದಾಗುವುದು! ನಾನು ಮೂಲೆಯಲ್ಲಿ ನೆರಳಿನ ಹಾಗೆ ಇರುತ್ತೇನೆ. ಚಿತ್ರ ತೆಗೆಯಬಹುದೇ?”

“ಬೇಡ.”

ಗಿಲ್‌ಜಾಳ ಬಾಯಿಂದ ಇಷ್ಟು ಚಿಕ್ಕ ಮಾತನ್ನು ಹೆಲ್ಲೆ ಕೇಳಿಯೇ ಇರಲಿಲ್ಲ. “ಅಂದರೆ... ಯೋಚಿಸಿ ಹೇಳುತ್ತೀರಿ ಎಂದೇ?”

“ಅಂದ್ರೆ ಬೇಡ ಅಂತ.”

ಹೆಲ್ಲೆ ಮುಖ ಕೆಂಪು ಮಾಡಿಕೊಂಡು ಹೋದಳು. ಗಿಲ್‌ಜಾ ಮಂಕಾಗಿ ಮೂಲಂಗಿ ಹೆರೆಯುತ್ತ ಕೂತಳು. ಆ ಚಿಕ್ಕ ಮಾತು ಹೇಳಿದ್ದಕ್ಕೆ ನಾಲಿಗೆಗೆ ಒಂಥರಾ ಹಗುರಾಗಿತ್ತು. ಇಷ್ಟು ವರ್ಷ ಎಲ್ಲರ ಮಾತಿಗೂ ಸಕ್ಕರೆ ಸವರಿ ಸವರಿ, ಕೊನೆಗೆ ಸಕ್ಕರೆ ಕಂಡರೆ ಓಕರಿಕೆ ಬರುವ ಇಬ್ಬರ ಮುಂದೆಯೂ ಅದನ್ನೇ ಹಿಡಿದು ಹೋಗಿದ್ದೆನಲ್ಲ ಎನ್ನಿಸಿತು. ಹೆರೆಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದಳು.

ಕಾರ್ಖಾನೆಯಲ್ಲಿ ಕೂತೂ ಕೂರದೆ ಹೇಳಿದಳು: “ಹಾನ್‌ಗ್ಯು, ಆಗ ನಾನು ಹೇಳಿದ್ದು ಸುಳ್ಳು. ಈ ವರ್ಷದಲ್ಲಿ ಅಣ್ಣ ನಿಜವಾಗ್ಲೂ ಏನೇನಂದಿದ್ದಾನೆ ಕೇಳು. ಅಪ್ಪನ ಬೂದೀನ ಮಾದರಿ ಕೈಚೀಲದ ಹಾಗೆ ಹೆಗಲಿಗೆ ಹಾಕ್ಕೊಂಡು ಹೋದ ಕಳ್ಳ ಅಂದ. ನಿನ್ನೆದೇ ಮೇಲಿನ ಬಿಲ್ಲೆ ಕಿತ್ರೆ ಅದರಡೀಲಿ ಇನ್ನೊಂದು ಬಿಲ್ಲೆ ಇರುತ್ತೆ, ಎದೆ ಇರಲ್ಲ ಅಂದ. ಅಮ್ಮನ ಫೋಟೋ ಮುಂದೆ ನನ್ನ ಪಕ್ಕ ನಿಲ್ಲೋಕೆ ಅವನಿಗೆ ಪುಕ್ಕಲು, ಅದಕ್ಕೇ ಏನಾದ್ರೂ ನೆಪ ತೆಗೀತಾನೆ ಅಂದ.”

“ಪುಕ್ಕಲು? ನನಗೆ?” ಹಾನ್‌ಗ್ಯು ಎದ್ದ ರಭಸಕ್ಕೆ ಜಿಪ್ಪುಗಳ ಡಬ್ಬಿ ನೆಲಕ್ಕೆ ಬಿತ್ತು. “ಯಾವತ್ತು ಅಕ್ಕ? ಎಷ್ಟು ಗಂಟೆಗೆ?”

ಅಲ್ಲಿಂದ ಮೂರು ಮಹಡಿ ಹತ್ತಿದಳು.

“ಅಣ್ಣ, ತಮ್ಮ ಅಂದದ್ದನ್ನ ಅಂದ ಹಾಗೇ ಹೇಳ್ತೀನಿ. ಕಾಣದೇ ಇರೋ ದೇಶಕ್ಕೆ ಹಾಡು ಹೇಳ್ಕೊಟ್ಟು ಹೇಳ್ಕೊಟ್ಟು ಗಂಟಲು ಹೋಯ್ತು, ಅಪ್ಪ ಹುಟ್ಟಿದ ಮಣ್ಣು ಮಾತ್ರ ತುಳೀಲಿಲ್ಲ ಅಂದ. ಹಿರಿಮಗ ಹಿರಿಮಗ ಅಂತಾನೆ, ಅಪ್ಪನ ಗೋರಿ ಮೇಲೆ ಒಂದು ಹಿಡಿ ಮಣ್ಣು ಹಾಕಿದ್ದಾನಾ ಅಂದ. ನನ್ನೆದುರು ಬಂದ್ರೆ ಈ ಮಾತು ಕೇಳ್ಬೇಕಾಗುತ್ತೆ ಅಂತ ಹಾರ್ಮೋನಿಯಂ ಹಿಂದೆ ಅಡಗಿಕೊಂಡಿದ್ದಾನೆ ಅಂದ.”

ದೋಗ್ಯು ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿದ. ಮಣ್ಣಿನ ಮಾತು ತಗುಲಬಾರದ ಕಡೆ ತಗುಲಿತ್ತು. ಇದನ್ನು ಸವರದೆ ಹೇಳಬಾರದಿತ್ತೇನೋ ಎಂದು ಗಿಲ್‌ಜಾಳಿಗೂ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಅದು ತಮ್ಮ ಆಡಿದ್ದ ಮಾತೇ, ತನ್ನದಲ್ಲ.

“ಇದು ಅವನ ಮಾತೇ,” ಎಂದ ಅಣ್ಣ ಕೊನೆಗೆ, ಒಳ್ಳೆಯ ಮೀನನ್ನು ಗುರುತಿಸಿದವನಂತೆ. “ಇದರಲ್ಲಿ ನಿನ್ನ ಸಕ್ಕರೆ ಇಲ್ಲ. ಬರ್ತೀನಿ. ಅಮ್ಮನ ಮುಂದೆ ನಿಂತ್ಕೊಂಡೇ ಅವನ ಬಾಯಿ ಮುಚ್ಚಿಸ್ತೀನಿ.”

ಲೋಕದಲ್ಲಿ ಹೆಲ್ಲೆಯಂಥವರು ಪ್ರೀತಿಯಿಂದ ಜನ ಒಂದಾಗುತ್ತಾರೆ ಎಂದು ಪುಸ್ತಕ ಬರೆಯುತ್ತಾರೆ. ಹ್ಯೊನ್ ಮನೆತನದವರು ಒಂದಾಗಲು ಹೊರಟದ್ದು, ಇನ್ನೊಬ್ಬನು ತನಗೆ ಹೆದರಿದವನೆಂದು ತೋರಿಸುವುದಕ್ಕೆ. ಪ್ರೀತಿಗೂ ಹಟಕ್ಕೂ ಕಾಲು ನಡೆಯುವುದು ಒಂದೇ ದಾರಿಯಲ್ಲಿ.

ಎಡೆಯ ಸಂಜೆ ಅಂಗಡಿಯ ರೋಲಿಂಗ್ ಬಾಗಿಲನ್ನು ಗಿಲ್‌ಜಾ ಅರ್ಧಕ್ಕೆ ಎತ್ತಿಟ್ಟಳು. ಸತ್ತವರು ಬರುವ ಹೊತ್ತಿಗೆ ಬಾಗಿಲು ಪೂರ್ತಿ ಮುಚ್ಚಿರಬಾರದು. ಪೂರ್ತಿ ತೆರೆದರೆ ಬದುಕಿದ ಗಿರಾಕಿಗಳು ಬರುತ್ತಾರೆ. ಮಾರುವ ಹಲಗೆಯನ್ನು ತೊಳೆದು, ಬಿಳೀ ಬಟ್ಟೆ ಹಾಸಿ, ಹಿಂದೆ ಅಮ್ಮನ ಫೋಟೋ ನಿಲ್ಲಿಸಿದಳು. ಮುಂದೆ ಅನ್ನ, ಸಾರು. ಆಮೇಲೆ ಮೀನು, ಹಂದಿ. ಆಮೇಲೆ ಸೊಪ್ಪು. ಕೊನೆಯ ಸಾಲಿಗೆ ಹಣ್ಣು, ಕಡುಬು. ಮೊದಲು ದೋಗ್ಯು ಕಪ್ಪು ಕೋಟಿನಲ್ಲಿ ಬಗ್ಗಿ ಒಳಗೆ ಬಂದ. ಹಿಂದೆಯೇ ಹಾನ್‌ಗ್ಯು, ಅವನೂ ಬಗ್ಗಿ. ಇಬ್ಬರಿಗೂ ಬಗ್ಗದೆ ಒಳಗೆ ಬರಲು ಆಗಲಿಲ್ಲವಲ್ಲ ಎಂದು ಗಿಲ್‌ಜಾ ಮನಸ್ಸಲ್ಲೇ ನಕ್ಕಳು. ಹೆಂಡತಿಯರು ಎರಡು ಮೂಲೆ ಹಿಡಿದು ನಿಂತರು.

“ಯಾರೋ ಪುಕ್ಕಲು ಅಂದಿದ್ರಂತೆ,” ಎಂದ ಹಾನ್‌ಗ್ಯು, ಮೀನಿಗೆ ಹೇಳುವವನಂತೆ.

“ಯಾರೋ ಅಡಗಿಕೊಂಡಿದ್ದಾನೆ ಅಂದಿದ್ರಂತೆ,” ಎಂದ ದೋಗ್ಯು, ಹಂದಿಗೆ.

ಅಷ್ಟರಲ್ಲಿ ಬಾಗಿಲಡಿಯಿಂದ ಮೂರನೆಯ ತಲೆ ನುಗ್ಗಿತು. ಹೆಲ್ಲೆ! ಬಗ್ಗುವುದು ಸಾಲದೆ ಅಂಬೆಗಾಲಲ್ಲೇ ಬರಬೇಕಾಯಿತು ಅವಳಿಗೆ. ಕ್ಯಾಮೆರಾ ಕತ್ತಲ್ಲಿತ್ತು.

“ಇವಳನ್ನ ಯಾರು ಕರೆದದ್ದು?” ಎಂದಳು ಗಿಲ್‌ಜಾ.

ಅಣ್ಣತಮ್ಮಂದಿರು ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಇಬ್ಬರೂ ಕರೆದಿದ್ದರು. ತಾನು ಬಂದೆ, ಅವನು ಬರಲಿಲ್ಲ ಎನ್ನುವುದಕ್ಕೆ ಲೋಕದ ಸಾಕ್ಷಿ ಬೇಕೆಂದು ಒಬ್ಬೊಬ್ಬನೂ ಗುಟ್ಟಾಗಿ ಯಾರ ಯಾರದೋ ಕೈಯಲ್ಲಿ ಚೀಟಿ ಬರೆಸಿ ಕಳಿಸಿದ್ದ. ಹೆಲ್ಲೆ ಎರಡು ಚೀಟಿಗಳನ್ನೂ ಎದೆಗೊತ್ತಿ ಹಿಡಿದಿದ್ದಳು.

“ಇಬ್ಬರೂ ಕರೆದರು,” ಎಂದಳು ತೊದಲುತ್ತ. “ಬರಿಗೈಯಲ್ಲಿ ಬರಬಾರದೆಂದು...” ಎನ್ನುತ್ತ ದೊಡ್ಡ ಅಂಗಡಿಯ ರೇಷ್ಮೆ ಕಾಗದದ ಪೆಟ್ಟಿಗೆ ಬಿಚ್ಚಿ, ಒಳಗಿದ್ದದ್ದನ್ನು ಎರಡೂ ಕೈಯಿಂದ ಎತ್ತಿ ಅಮ್ಮನ ಫೋಟೋ ಮುಂದೆ, ಕಡುಬಿನ ಪಕ್ಕದಲ್ಲೇ ಇಟ್ಟಳು. ಕೆಂಪೇರಿದ, ಘಮಘಮಿಸುವ, ರೋಮ ರೋಮದ ದೊಡ್ಡ ಪೀಚ್ ಹಣ್ಣುಗಳು.

“ತೆಗೀ!”

ಇಬ್ಬರು ಗಂಡಸರೂ ಒಂದೇ ಉಸಿರಲ್ಲಿ ಕೂಗಿದರು. ಒಂದೇ ಮಾತು, ಒಂದೇ ದನಿ, ಅಪ್ಪನ ದನಿ. ಗಿಲ್‌ಜಾಳ ಅತ್ತಿಗೆ ಬಾಯಿ ಮುಚ್ಚಿಕೊಂಡಳು. ಪೀಚ್ ಹಣ್ಣು ಇರುವಲ್ಲಿಗೆ ಸತ್ತವರು ಬರುವುದಿಲ್ಲ. ಬಂದವರೂ ಹೆದರಿ ಓಡುತ್ತಾರೆ. ಕೇರಿಯ ಮೂರು ವರ್ಷದ ಕೂಸಿಗೂ ಗೊತ್ತಿರುವುದು. ಹಾನ್‌ಗ್ಯು ಹಾರಿ ಒಂದು ಹಣ್ಣು ಹಿಡಿದ, ದೋಗ್ಯು ಉಳಿದವನ್ನು ಬಾಚಿದ, ಒಂದು ಉರುಳಿ ಹೆಂಡದ ಜಾಡಿಯ ಹಿಂದೆ ಹೋಯಿತು.

“ಅಲ್ಲಿ, ಅಲ್ಲಿ! ಎಡಕ್ಕೆ ಅಣ್ಣಾ!”

“ಕಾಣ್ತು ಬಿಡೋ, ಕಾಲು ಎತ್ತು!”

ಇಬ್ಬರೂ ಮಂಡಿಯೂರಿ ಹಣ್ಣು ಹಿಡಿದು, ಬಾಗಿಲಡಿಯಿಂದ ಬೀದಿಗೆ ಉರುಳಿಸಿದರು. ಹೊರಗೆ ಮೂನ್, “ಏ, ಯಾರಿಗೂ ಬೇಡ್ವಾ ಇದು?” ಎನ್ನುವುದು ಕೇಳಿಸಿತು.

ಹೆಲ್ಲೆ ಗೋಡೆಗೆ ಅಂಟಿ ನಿಂತಿದ್ದಳು. “ಅವರು ಏನು ಹೇಳಿದರು?”

ಗಿಲ್‌ಜಾಳ ನಾಲಿಗೆ ಅಭ್ಯಾಸಬಲದಿಂದ ಸಕ್ಕರೆ ಹುಡುಕಿತು. ಬಿಟ್ಟಳು.

“ತೆಗೀ ಅಂದ್ರು. ನೀವು ತಂದ ಹಣ್ಣಿಂದ ನಮ್ಮಮ್ಮ ಬಾಗಿಲಿಂದಲೇ ಓಡಿಹೋಗ್ತಾಳೆ ಅಂತ. ಆ ಕ್ಯಾಮೆರಾನೂ ಹೊರಗಿಟ್ಟು ಬನ್ನಿ. ಇಲ್ಲಾ ನೀವೂ ಹೊರಗೇ ಇರಿ.”

ಹೆಲ್ಲೆ ಕ್ಯಾಮೆರಾ ಹೊರಗಿಟ್ಟು ಬಂದಳು. ಕೇರಿಗೆ ಬಂದ ಮೇಲೆ ಅವಳು ಪೂರ್ತಿ ಅರ್ಥ ಮಾಡಿಕೊಂಡ ಮೊದಲ ಮಾತು ಅದೇ ಇರಬೇಕು.

ಎಡೆ ಶುರುವಾಯಿತು. ಮೊದಲ ಬಟ್ಟಲು ಹೆಂಡ ಹಿರಿಮಗ ಇಟ್ಟು ಅಡ್ಡಬಿದ್ದ. ಎರಡನೆಯದು ಕಿರಿಮಗ. ಮೂರನೆಯದನ್ನು ಗಿಲ್‌ಜಾ ತಾನೇ ಎತ್ತಿದಳು. ಮಗಳು ಬಟ್ಟಲು ಇಡುವ ಪದ್ಧತಿ ಇಲ್ಲ. ಬೇಡವೆನ್ನಲು ಅಣ್ಣ ಬಾಯಿ ತೆರೆದ, ತಮ್ಮನೂ ತೆರೆದ. ಇನ್ನೊಬ್ಬನ ಮಾತಿಗೆ ಹೂಂಗುಟ್ಟಿದ ಹಾಗಾಗುತ್ತದೆಂದು ಇಬ್ಬರೂ ಮುಚ್ಚಿಕೊಂಡರು. ಅಮ್ಮನಿಗೆ ಮಗಳ ಕೈಯ ಹೆಂಡ ಹೀಗೆ ದಕ್ಕಿತು.

ಆಮೇಲೆ ಅನ್ನದಲ್ಲಿ ಚಮಚ ನೆಟ್ಟು ಎಲ್ಲರೂ ನೆಲಕ್ಕೆ ಬಗ್ಗಿದರು. ಸತ್ತವರು ಊಟ ಮಾಡುವಷ್ಟು ಹೊತ್ತು ತಲೆ ಎತ್ತುವಂತಿಲ್ಲ, ಮಾತಾಡುವಂತಿಲ್ಲ. ಬಾಯಿ ಮುಚ್ಚಿಸುತ್ತೇನೆಂದು ಬಂದವನೂ ಉತ್ತರ ಕೊಡುತ್ತೇನೆಂದು ಬಂದವನೂ ಪಕ್ಕಪಕ್ಕದಲ್ಲಿ ಹಣೆ ಹಚ್ಚಿ ಬಿದ್ದಿದ್ದರು. ಜಾಗ ಇಕ್ಕಟ್ಟು. ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ಒತ್ತಿತ್ತು.

ಅಮ್ಮ ಮೀನಿನ ತನಕ ಬಂದಿರಬಹುದು ಎನ್ನುವ ಹೊತ್ತಿಗೆ ಗಿಲ್‌ಜಾಳಿಗೆ ಪಿಸುದನಿ ಕೇಳಿಸಿತು.

“ಅಪ್ಪನ ಗೋರಿ ಸುತ್ತ ಏನಿದೆ?”

“ಶ್! ಅಮ್ಮ ಉಣ್ತಿದ್ದಾಳೆ.”

“ಏನಿದೆ ಅಂದ್ರೆ.”

“ಕಲ್ಲಿನ ಗೋಡೆ. ಕರೀ ಕಲ್ಲು. ಬೇಸಿಗೇಲಿ ಹುಲ್ಲು ಬೆಳೆಯುತ್ತೆ.”

“ಯಾರು ಕೊಯ್ತಾರೆ?”

“ದೊಡ್ಡಪ್ಪನ ಮಗ.”

“ನೀನು?”

“ವರ್ಷಕ್ಕೊಂದ್ಸಲ ಹೋದಾಗ.”

“ಸೋಮಾರಿ. ನಾನಾಗಿದ್ರೆ ಕುಡುಗೋಲು ಹಿಡಿದು ಅಲ್ಲೇ ಕೂತಿರ್ತಿದ್ದೆ.”

“ಬಾ ಮತ್ತೆ. ಕಾಗದ ಬದಲಾಯಿಸ್ಕೋ, ಬಾ.”

“ಬದಲಾಯಿಸಲ್ಲ.”

“ಗೊತ್ತು.”

ಸ್ವಲ್ಪ ಹೊತ್ತಿನ ಮೇಲೆ ಹಾನ್‌ಗ್ಯು, ಇನ್ನೂ ನೆಲ ನೋಡುತ್ತಲೇ, “ಮುಂದಿನ ತಿಂಗಳು ಹೋಗ್ತೀನಿ. ಎಷ್ಟು ಮೋಟಾಗಿ ಕೊಯ್ಬೇಕು ಹೇಳು,” ಎಂದ. ದೋಗ್ಯು ತನ್ನ ಎರಡು ಬೆರಳನ್ನು ಇಷ್ಟೇ ಅಗಲ ಮಾಡಿ ನೆಲದ ಮೇಲೆ ಇಟ್ಟು ತೋರಿಸಿದ.

ಗಿಲ್‌ಜಾ ಕೆಮ್ಮಿದಳು. ಊಟ ಮುಗಿಯಿತು ಎಂದು ಅದರರ್ಥ.

ಎಡೆ ಎತ್ತಿದ ಮೇಲೆ ಹೆಲ್ಲೆ ಕಣ್ಣೊರೆಸಿಕೊಳ್ಳುತ್ತ ಬಂದಳು. “ಬಗ್ಗಿದ್ದಾಗ ಅವರು ಮಾತಾಡಿದರಲ್ಲ. ಕ್ಷಮೆ ಕೇಳಿದರು, ಅಲ್ಲವೇ?”

“ಇಲ್ಲ. ಹುಲ್ಲು ಎಷ್ಟು ಕೊಯ್ಬೇಕು ಅಂತ ಕೇಳಿದ್ರು. ಒಬ್ಬ ಇನ್ನೊಬ್ಬನಿಗೆ ಸೋಮಾರಿ ಅಂದ.”

ಹೆಲ್ಲೆ ಮುಗುಳ್ನಕ್ಕು ಗಿಲ್‌ಜಾಳ ತೋಳು ತಟ್ಟಿದಳು. ಇಷ್ಟು ದಿನದ ಸುಳ್ಳುಗಳನ್ನೆಲ್ಲ ಕಣ್ಣು ಮುಚ್ಚಿ ನಂಬಿದವಳು ಈ ಒಂದು ನಿಜವನ್ನು ನಂಬಲಿಲ್ಲ. ಅವಳ ವರದಿಯಲ್ಲಿ ‘ಒಂದು ಹಣ್ಣಿನ ಸುತ್ತ ಮೂಡಿದ ಕ್ಷಮೆ’ ಎಂಬ ಅಧ್ಯಾಯವೇ ಇತ್ತಂತೆ. ಗಿಲ್‌ಜಾ ತರಿಸಿ ಓದಲಿಲ್ಲ.

ಎಡೆಯ ಊಟವನ್ನು ಮನೆಗಳಿಗೆ ಹಂಚಬೇಕು. ಗಿಲ್‌ಜಾ ಎರಡು ಪೊಟ್ಟಣ ಕಟ್ಟಿದಳು. ಹಂದಿಕಡ್ಡಿ ಅಷ್ಟಷ್ಟೇ, ಕಡುಬು ಅಷ್ಟಷ್ಟೇ, ಮೀನು ನಡುವಿಗೆ ಸರಿಯಾಗಿ ಕಡಿದು.

“ಮುಂದಿನ ವರ್ಷ ನಮ್ಮನೇಲಿ,” ಎಂದ ದೋಗ್ಯು ಪೊಟ್ಟಣ ತೆಗೆದುಕೊಳ್ಳುತ್ತ.

“ಕನಸು ಕಾಣು. ನಮ್ಮನೇಲಿ,” ಎಂದ ಹಾನ್‌ಗ್ಯು.

“ಅಮ್ಮನ ಮಂಡಿ ಇಲ್ಲೀವರೆಗೇ ಬರೋದು,” ಎಂದಳು ಗಿಲ್‌ಜಾ. “ನಿಮ್ಮ ಮೂರನೇ ಮಹಡಿನೂ ಹತ್ತಲ್ಲ, ಕಾರ್ಖಾನೆ ಮೆಟ್ಟಿಲೂ ಹತ್ತಲ್ಲ. ಬರೋದಿದ್ರೆ ಇಲ್ಲಿಗೆ ಬಗ್ಗಿ ಬನ್ನಿ.”

ಇಬ್ಬರೂ ಗೊಣಗುತ್ತ ಬಾಗಿಲಡಿ ನುಸುಳಿದರು. ಇಲ್ಲ ಎಂದು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ.

ಗಿಲ್‌ಜಾ ಹಲಗೆ ಒರೆಸುತ್ತ ಬಗ್ಗಿ ಹೊರಗೆ ನೋಡಿದಳು. ಮೂನ್‌ನ ಮೀನಿನಂಗಡಿಯ ದೀಪದ ಕೆಳಗೆ ಅಣ್ಣತಮ್ಮಂದಿರು ನಿಂತಿದ್ದರು. ಇಬ್ಬರ ಪೊಟ್ಟಣಗಳೂ ಬಿಚ್ಚಿದ್ದವು. ಒಬ್ಬನ ಕೈಯಲ್ಲಿ ಇನ್ನೊಬ್ಬನ ಮೀನು. ಮೂನ್ ಪೀಚ್ ಕಚ್ಚುತ್ತ ತಕ್ಕಡಿ ಮುಂದೆ ಸರಿಸಿದ.

“ತಲೆ ಇರೋ ಭಾಗ ಅವನಿಗೆ ಹೋಗಿದೆ ನೋಡು,” ಎನ್ನುತ್ತಿದ್ದ ಹಾನ್‌ಗ್ಯು. “ಅಕ್ಕ ಮೊದ್ಲಿಂದಲೂ ಹೀಗೇನೇ.”

“ತಲೆ ಹಿರಿಯೋನಿಗೆ ಕಣೋ, ಪೆದ್ದ. ಇಡು ಅದನ್ನ, ತೂಗ್ಲಿ.”

ಗಿಲ್‌ಜಾ ರೋಲಿಂಗ್ ಬಾಗಿಲನ್ನು ಪೂರ್ತಿ ಎಳೆದು ಬೀಗ ಹಾಕಿದಳು. ಅಮ್ಮ ಹೊಟ್ಟೆ ತುಂಬಿಸಿಕೊಂಡು ಹೋಗಿದ್ದಳು, ಒಂದೇ ಕಡೆಯಿಂದ. ಮೀನಿನ ತೂಕ ಇನ್ನು ಬದುಕಿದವರ ಹಣೆಬರಹ.